ಕಾಲಿಗೆ ನಾಯಿ ಕಚ್ಚಿದೆ, ತೋಳಿಗೆ ಒಂದು ಇಂಜೆಕ್ಷನ್ ಆಗಿದೆ. ಇಷ್ಟು ಸಾಕೇ?

ಮುಲುಂಡಿನ ಹೋಟೆಲಿನವ
ಗುರುವಾರ, ಬೆಳಿಗ್ಗೆ 7.10

ಮುಲುಂಡ್ ಪಶ್ಚಿಮದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲೆಯಲ್ಲಿ ಕೂರುವವನು ನಾನು. ಮಂಗಳವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಕಸದ ಡಬ್ಬ ಇಡಲೆಂದು ಹಿಂದಿನ ಗಲ್ಲಿಗೆ ಹೋದ ಹುಡುಗನ ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿತು. ಹುಡುಗನಿಗೆ 19 ವರ್ಷ, ಕುಂದಾಪುರ ತಾಲೂಕಿನವನು, ಬಂದು ಇನ್ನೂ ವರ್ಷವಾಗಿಲ್ಲ. ಎರಡು ಕಡೆ ಹಲ್ಲು ಆಳವಾಗಿ ಇಳಿದು ರಕ್ತ ಸುರಿಯುತ್ತಿತ್ತು. ಪಕ್ಕದಲ್ಲಿ ಉದ್ದಕ್ಕೊಂದು ಗೀರು. ಜೊತೆಯ ಹುಡುಗ ಒಂದು ಚೊಂಬು ನೀರು ಸುರಿದು ತೊಳೆದು, ಅರಿಶಿನ ಮತ್ತು ಕಾಫಿಪುಡಿ ಮೆತ್ತಿ ಬಟ್ಟೆ ಕಟ್ಟಿದ.

ಬುಧವಾರ ಬೆಳಿಗ್ಗೆ ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಧನುರ್ವಾಯುವಿಗೊಂದು, ನಾಯಿ ಕಡಿತಕ್ಕೊಂದು ಎಂದು ಎರಡು ಇಂಜೆಕ್ಷನ್ ಕೊಟ್ಟು, ಶನಿವಾರ ಮತ್ತೆ ಬನ್ನಿ ಎಂದರು. ಆದರೆ ಹೋಟೆಲಿಗೆ ದಿನಾ ಬರುವ ಗ್ರಾಹಕರೊಬ್ಬರು ನಿನ್ನೆ ಸಂಜೆ, "ರಕ್ತ ಬಂದಿದ್ದರೆ ಗಾಯಕ್ಕೇ ಸೀರಮ್ ಕೊಡಬೇಕು, ಕೊಟ್ಟರೇ?" ಎಂದು ಕೇಳಿದರು. ಕೊಟ್ಟಿಲ್ಲ. ಅದರ ಹೆಸರನ್ನೂ ಅಲ್ಲಿ ಯಾರೂ ಎತ್ತಲಿಲ್ಲ.

ಊರಿನಲ್ಲಿ ಅವನ ತಾಯಿ ಫೋನಿನಲ್ಲಿ ಅಳುತ್ತಿದ್ದಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆ, ಅದಕ್ಕಿಂತ ಊರಿಗೆ ಕಳುಹಿಸಿ, ನಾಟಿ ಔಷಧಿ ಕೊಡಿಸುತ್ತೇವೆ ಎನ್ನುತ್ತಾರೆ. ಭಾನುವಾರದ ಮತ್ಸ್ಯಗಂಧಕ್ಕೆ ಅವನ ಟಿಕೆಟ್ ಮೊದಲೇ ಆಗಿದೆ, ಮನೆಯಲ್ಲಿ ಪೂಜೆ ಇದೆ. ಕಳುಹಿಸಲೇ, ತಡೆಯಲೇ? ಆ ಸೀರಮ್ ನಿಜವಾಗಿಯೂ ಬೇಕೇ? ಮಗನನ್ನು ನನ್ನನ್ನು ನಂಬಿ ಕಳುಹಿಸಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.


ಚಿಂಚವಾಡದ ಗದಗಿನವ
ಗುರುವಾರ, ಬೆಳಿಗ್ಗೆ 7.45

ಗಾಬರಿಯಾಗಬೇಡಿ. ಪುಣೆಯಲ್ಲಿ ನಮ್ಮ ಸೊಸೈಟಿಯ ಕಾವಲುಗಾರನಿಗೂ ಹೀಗೆಯೇ ಆಗಿತ್ತು. ಆ ನಾಯಿ ನಿಮ್ಮ ಗಲ್ಲಿಯದೇ ಆಗಿದ್ದರೆ ಹತ್ತು ದಿನ ಅದರ ಮೇಲೆ ಕಣ್ಣಿಡಿ. ಬದುಕಿದ್ದರೆ ಹುಚ್ಚಿಲ್ಲ ಎಂದೇ ಅರ್ಥ, ಮುಂದಿನ ಇಂಜೆಕ್ಷನ್ ಯಾವುದೂ ಬೇಡ. ಕಿವಿಯ ತುದಿ ಕತ್ತರಿಸಿದ್ದರೆ ಅದಕ್ಕೆ ಲಸಿಕೆಯೂ ಆಗಿರುತ್ತದೆ. ಸುಮ್ಮನೆ ಹುಡುಗನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಏಕೆ ಅಲೆಸುತ್ತೀರಿ?


ಡೊಂಬಿವಲಿಯ ನಿವೃತ್ತ ದಾದಿ
ಗುರುವಾರ, ಬೆಳಿಗ್ಗೆ 8.20

ಹೋಟೆಲಿನವರೇ, ಸಾಲದು. ಹುಡುಗನಿಗೆ ತಿಂಡಿ ತಿನ್ನಿಸಿ ಇವತ್ತೇ, ಈಗಲೇ ಹೊರಡಿ. ಸೀರಮ್ ಬೇಕು. ಇದನ್ನು ಪೂರ್ತಿ ಓದಿ, ಗಾಯ ತೊಳೆದ ಕೂಡಲೇ ಹೊರಡಿ.

ನಾನು ಅಂಕೋಲೆಯವಳು. ಮುಂಬೈ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವಳು. ನಾಯಿ ಕಡಿತದ ಕೋಣೆಯಲ್ಲೂ ಸಾಂಕ್ರಾಮಿಕ ರೋಗಗಳ ವಾರ್ಡಿನಲ್ಲೂ ಕೆಲಸ ಮಾಡಿದ್ದೇನೆ. ಆ ಕೋಣೆಯಿಂದ ಜನ ನಡೆದುಕೊಂಡು ಮನೆಗೆ ಹೋಗುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡು ಆ ವಾರ್ಡಿಗೆ ಬಂದ ಯಾರೂ ನನ್ನ ಕಣ್ಣೆದುರು ಮನೆಗೆ ಹೋಗಲಿಲ್ಲ. ಆಮೇಲೆ ಕೊಡಲು ಔಷಧಿಯೇ ಇಲ್ಲ. ಲೋಟ ತುಟಿಯ ಹತ್ತಿರ ತಂದರೆ ಗಂಟಲು ಹಿಂಡಿ ಬರುತ್ತದೆ, ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಮೈ ಸೆಟೆಯುತ್ತದೆ, ನಡುನಡುವೆ ಪೂರ್ತಿ ಎಚ್ಚರವಿದ್ದು ಮನೆಯವರನ್ನು ಹೆಸರು ಹಿಡಿದು ಕರೆಯುತ್ತಾರೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ಹುಡುಗ ಇನ್ನೂ ಇಂಜೆಕ್ಷನ್ ಕೋಣೆಯ ಕಡೆಗೇ ಇದ್ದಾನೆ, ಸಮಯ ನಿಮ್ಮ ಕೈಯಲ್ಲಿದೆ ಎಂದು ಹೇಳಲು ಬರೆಯುತ್ತಿದ್ದೇನೆ.

ಸೀರಮ್ ಏಕೆ ಬೇಕು ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಅಲ್ಲಿ ನೀವು ಬಾಯಿಬಿಟ್ಟು ಕೇಳಬೇಕಾಗಬಹುದು. ನಿನ್ನೆ ತೋಳಿಗೆ ಕೊಟ್ಟದ್ದು ಲಸಿಕೆ. ಅದು ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ. ಅದನ್ನು ನೋಡಿ ದೇಹವೇ ಪ್ರತಿಕಾಯಗಳನ್ನು ಮಾಡಿಕೊಳ್ಳಬೇಕು, ಅದಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಅದು ಮಂಗಳವಾರ ರಾತ್ರಿಯೇ ಗಾಯದೊಳಗೆ ಹೋಗಿದೆ. ಅಲ್ಲಿಂದ ನರಕ್ಕೆ ಹತ್ತಿ, ನರದ ಉದ್ದಕ್ಕೂ ಬೆನ್ನುಹುರಿಗೆ, ಮಿದುಳಿಗೆ ಸಾಗುವುದು ಅದರ ದಾರಿ. ಒಮ್ಮೆ ನರ ಹೊಕ್ಕಿತೆಂದರೆ ಹಿಡಿಯುವುದು ಕಷ್ಟ. ಲಸಿಕೆ ಕೆಲಸ ಆರಂಭಿಸುವ ತನಕದ ಈ ಖಾಲಿ ದಿನಗಳಲ್ಲಿ ವೈರಸ್ಸನ್ನು ಗಾಯದಲ್ಲೇ ಕಟ್ಟಿಹಾಕುವುದು ಸೀರಮ್. ಅದು ಸಿದ್ಧ ಪ್ರತಿಕಾಯ, ಗಾಯಕ್ಕೇ ಸೇರಬೇಕು. ಇಮ್ಯುನೋಗ್ಲೋಬ್ಯುಲಿನ್ ಎನ್ನುತ್ತಾರೆ; ಚೀಟಿಯಲ್ಲಿ ಆರ್‌ಐಜಿ ಎಂದು ಬರೆದಿರಬಹುದು.

ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮೂರು ವರ್ಗಗಳಿವೆ. ನಾಯಿ ಮುಟ್ಟಿತು, ಗಾಯವಿಲ್ಲದ ಚರ್ಮವನ್ನು ನೆಕ್ಕಿತು ಎಂದರೆ ಒಂದನೆಯದು, ತೊಳೆದುಕೊಂಡರೆ ಆಯಿತು. ಹಲ್ಲಿನ ತುದಿ ತಾಗಿದೆ, ಗೀರಿದೆ, ರಕ್ತ ಬಂದಿಲ್ಲ ಎಂದರೆ ಎರಡನೆಯದು, ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ಹಳೆಯ ಗಾಯವನ್ನು ಅಥವಾ ಕಣ್ಣು, ಬಾಯಿಯನ್ನು ನಾಯಿ ನೆಕ್ಕಿದ್ದರೆ ಮೂರನೆಯದು. ಲಸಿಕೆಯೂ ಬೇಕು, ಸೀರಮ್ಮೂ ಬೇಕು. ನೀವು ಬರೆದಿರುವುದು ಸಂಶಯವಿಲ್ಲದೆ ಮೂರನೆಯ ವರ್ಗ. ರಕ್ತ ಸುರಿಯುತ್ತಿದ್ದ ಕಾಲನ್ನು ನೋಡಿ ತೋಳಿಗೆ ಒಂದು ಚುಚ್ಚಿ ಕಳುಹಿಸುವ ಕ್ಲಿನಿಕ್ಕುಗಳ ಮೇಲೆ ನನಗೆ ಬಹಳ ಸಿಟ್ಟಿದೆ. ತಮ್ಮಲ್ಲಿ ಸೀರಮ್ ಇಲ್ಲದಿದ್ದರೆ ಇರುವ ಕಡೆಗೆ ಚೀಟಿ ಬರೆದುಕೊಡಲು ಎರಡು ನಿಮಿಷ ಸಾಕು.

ತಡವಾಯಿತೇ ಎಂದು ಕೇಳುತ್ತೀರಿ. ಇಲ್ಲ. ಮೊದಲ ಲಸಿಕೆಯಿಂದ ಏಳನೆಯ ದಿನದವರೆಗೆ ಸೀರಮ್ ಕೊಡಬಹುದು. ಆಮೇಲೆ ದೇಹದ ಸ್ವಂತ ಪ್ರತಿಕಾಯಗಳು ಬರತೊಡಗಿರುತ್ತವೆ, ಕೊಟ್ಟು ಉಪಯೋಗವಿಲ್ಲ. ಹಾಗೆಂದು ಮುಂದಿನ ಬುಧವಾರದವರೆಗೆ ಕಾಯಬೇಡಿ. ಪ್ರತಿ ಗಂಟೆಗೂ ಬೆಲೆ ಇದೆ.

ಹೊರಡುವ ಮೊದಲು ಆ ಬಟ್ಟೆಯನ್ನು ಬಿಚ್ಚಿ. ನಲ್ಲಿಯ ಕೆಳಗೆ ಕಾಲು ಹಿಡಿದು ಬಟ್ಟೆ ಒಗೆಯುವ ಸೋಪಾದರೂ ಸರಿ, ಸ್ನಾನದ ಸೋಪಾದರೂ ಸರಿ, ನೊರೆ ಗಾಯದೊಳಗೆ ಹೋಗುವಂತೆ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15 ನಿಮಿಷ. ಅಂದಾಜಿಗೆ ಬಿಟ್ಟರೆ ಎಲ್ಲರೂ ಎರಡೇ ನಿಮಿಷಕ್ಕೆ ನಲ್ಲಿ ನಿಲ್ಲಿಸುತ್ತಾರೆ. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಅದು ಒಡೆದುಹೋಗುತ್ತದೆ. ಎರಡು ರಾತ್ರಿ ಕಳೆದ ಮೇಲೂ ತೊಳೆಯುವುದು ವ್ಯರ್ಥವಲ್ಲ. ಅರಿಶಿನ, ಕಾಫಿಪುಡಿ, ಸುಣ್ಣ, ಮೆಣಸಿನಪುಡಿ, ಸೀಮೆಎಣ್ಣೆ, ಇವೆಲ್ಲವನ್ನೂ ನಾನು ಗಾಯಗಳಿಂದ ಕೆರೆದು ತೆಗೆದಿದ್ದೇನೆ. ಅವು ಉರಿ ಎಬ್ಬಿಸಿ ಅಂಗಾಂಶವನ್ನು ಕೆಣಕುತ್ತವೆ, ಕೊಳೆಯನ್ನು ಒಳಗೇ ಉಳಿಸುತ್ತವೆ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಬಿಗಿಯಾಗಿ ಕಟ್ಟದೆ ತೆರೆದೇ ಬಿಡಿ. ಯಾರಾದರೂ ಹೊಲಿಗೆ ಹಾಕುತ್ತೇನೆ ಎಂದರೆ ಸೀರಮ್ ಆಗಿದೆಯೇ ಎಂದು ಮೊದಲು ಕೇಳಿ. ನಾಯಿ ಕಚ್ಚಿದ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ; ಹಾಕಲೇಬೇಕಾದರೆ ಸೀರಮ್ ಆದ ಮೇಲೆ, ಸಡಿಲವಾಗಿ.

ಎಲ್ಲಿಗೆ? ಮುಲುಂಡಿನಿಂದ ಸಾಯನ್ ಆಸ್ಪತ್ರೆಗೆ ಲೋಕಲಿನಲ್ಲಿ ನೇರ ದಾರಿ. ಘಾಟ್ಕೋಪರಿನ ರಾಜಾವಾಡಿ ಇನ್ನೂ ಹತ್ತಿರ. ಪರಳದ ಕೆ.ಇ.ಎಂ. ಇದೆ. ಹೋಗುವ ಮೊದಲು ಫೋನ್ ಮಾಡಿ ಸೀರಮ್ ಇದೆಯೇ ಎಂದು ವಿಚಾರಿಸಿ. ಹುಡುಗನಿಗೆ ಮರಾಠಿ ಬಾರದಿದ್ದರೆ ಒಬ್ಬನೇ ಕಳುಹಿಸಬೇಡಿ. ಸರದಿಯಲ್ಲಿ ಸುಮ್ಮನೆ ನಿಲ್ಲದೆ ಕಿಟಕಿಯ ಬಳಿ "ಕುತ್ರಾ ಚಾವಲಾ, ರಕ್ತ ಆಲಂ, ಸೀರಮ್ ಪಾಹಿಜೆ" (ನಾಯಿ ಕಚ್ಚಿದೆ, ರಕ್ತ ಬಂದಿದೆ, ಸೀರಮ್ ಬೇಕು) ಎಂದು ಜೋರಾಗಿ ಹೇಳಿ. ನಿನ್ನೆಯ ಚೀಟಿ ಜೊತೆಗಿರಲಿ. ಲಸಿಕೆಯ ಹೆಸರು, ಸಮಯ ಅದರಲ್ಲಿರಬೇಕು.

ಸೀರಮ್ಮಿನ ಪ್ರಮಾಣ ದೇಹದ ತೂಕದ ಮೇಲೆ. ಕುದುರೆಯ ರಕ್ತದಿಂದ ತಯಾರಾದದ್ದು ಕಿಲೋಗೆ ಗರಿಷ್ಠ 40 ಯೂನಿಟ್, ಮನುಷ್ಯರ ರಕ್ತದ್ದು 20. ಹುಡುಗ 52 ಕಿಲೋ ಇದ್ದಾನೆ ಎಂದುಕೊಳ್ಳಿ: ಕುದುರೆಯದಾದರೆ 2080 ಯೂನಿಟ್, ಒಂದು ಮಿಲಿಲೀಟರಿಗೆ 300 ಯೂನಿಟ್ ಇರುವ ಸೀಸೆಯಲ್ಲಿ ಹೆಚ್ಚುಕಡಿಮೆ 7 ಮಿಲಿಲೀಟರ್. ಆದ್ದರಿಂದ ತೂಕವನ್ನು ಬಾಯಿಮಾತಿಗೆ ಹೇಳಬೇಡಿ, ತಕ್ಕಡಿಯ ಮೇಲೆ ನಿಲ್ಲಿಸಿ. ಮನುಷ್ಯರದಕ್ಕೆ ಹೊರಗೆ ಹಲವು ಸಾವಿರ ರೂಪಾಯಿ ಬೀಳುತ್ತದೆ. ಅದಿಲ್ಲದಿದ್ದರೆ ಕುದುರೆಯದು ಕಡಿಮೆಯದೆಂದು ಹಿಂಜರಿಯಬೇಡಿ, ಅದೂ ಕಾಪಾಡುತ್ತದೆ. ಈಗ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳೂ ಬಂದಿವೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ರೇಬಿಶೀಲ್ಡ್ ಅಂಥದ್ದು, ಅದರ ಲೆಕ್ಕ ಬೇರೆ. ಯಾವುದೇ ಆದರೂ ಗಾಯದ ಒಳಗೆ, ಸುತ್ತ, ಪ್ರತಿಯೊಂದು ಹಲ್ಲಿನ ಗುರುತಿಗೂ ಇಳಿಯಬೇಕು. ಆ ಉದ್ದನೆಯ ಗೀರನ್ನೂ ತೋರಿಸಿ. ಎಲ್ಲರೂ ದೊಡ್ಡ ಗಾಯ ತೋರಿಸಿ ಸಣ್ಣದನ್ನು ಮರೆಯುತ್ತಾರೆ, ವೈರಸ್ಸಿಗೆ ಸಣ್ಣದೂ ಸಾಕು. ನೋವಾಗುತ್ತದೆ, ಹುಡುಗ ಕಿರುಚಿದರೆ ಕೈ ಹಿಡಿದುಕೊಳ್ಳಿ. ಆಮೇಲೆ ಅರ್ಧ ಗಂಟೆಯಾದರೂ ಅಲ್ಲಿಯೇ ಕೂರಿಸಿ. ಅಪರೂಪಕ್ಕೆ ಕೆಲವರಿಗೆ ಅಲರ್ಜಿಯಾಗುತ್ತದೆ, ಆಸ್ಪತ್ರೆಯಲ್ಲಿದ್ದರೆ ನೋಡಿಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಅದಕ್ಕೇ ಮೊದಲು ತಿಂಡಿ ಎಂದೆ.

ಅವನ ತಾಯಿಗೆ ನೀವೇ ಫೋನ್ ಮಾಡಿ ಹೇಳಿ: ಹೊಕ್ಕುಳ ಸುತ್ತ ಚುಚ್ಚುತ್ತಿದ್ದದ್ದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ, ಸುಮಾರು 2005ರಿಂದ ದೇಶದಲ್ಲಿ ಅದು ಬಳಕೆಯಲ್ಲಿಲ್ಲ. ಈಗ ತೋಳಿಗೆ ಮಾತ್ರ. ಆ ಹಳೆಯ ಭಯದಿಂದ ಮಕ್ಕಳು ಗೀರನ್ನು ಮುಚ್ಚಿಡುತ್ತಾರೆ, ದೊಡ್ಡವರು ನಾಟಿ ಔಷಧಿಗೆ ಓಡುತ್ತಾರೆ. ಗಿಡಮೂಲಿಕೆಯನ್ನು ಹಗುರವಾಗಿ ಕಾಣುವವಳಲ್ಲ ನಾನು, ಅಜ್ಜಿಯ ಕಷಾಯ ಕುಡಿದೇ ಬೆಳೆದಿದ್ದೇನೆ. ಆದರೆ ಈ ರೋಗಕ್ಕೆ ಅದರಲ್ಲಿ ಮದ್ದಿಲ್ಲ. ಕಚ್ಚಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ, ಆ ಜನ ಏನು ಕುಡಿದರೂ ಬದುಕುತ್ತಾರೆ. ಹೆಸರು ಔಷಧಿಗೆ ಬರುತ್ತದೆ.

ಚಿಂಚವಾಡದವರೇ, ನಿಮ್ಮ ಮಾತಿನಲ್ಲಿ ಹತ್ತು ದಿನದ ಲೆಕ್ಕ ಸರಿ. ಕಚ್ಚುವಾಗ ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ಆ ಹತ್ತು ದಿನ ಚಿಕಿತ್ಸೆ ನಡೆಯುತ್ತಲೇ ಇರಬೇಕು. ನಾಯಿ ಹತ್ತನೆಯ ದಿನವೂ ಆರೋಗ್ಯವಾಗಿದ್ದರೆ ಉಳಿದ ಡೋಸಿನ ವಿಷಯ ವೈದ್ಯರು ನಿರ್ಧರಿಸುತ್ತಾರೆ. ನಾಯಿಯನ್ನು ನೋಡುತ್ತ ಕೂತು ಎಂಟನೆಯ ದಿನ ಅದು ಸತ್ತರೆ ಕಳೆದ ಎಂಟು ದಿನಗಳನ್ನು ಯಾರು ತಂದುಕೊಡುತ್ತಾರೆ?


ಬೋರಿವಲಿಯಲ್ಲಿ ಬೀದಿನಾಯಿಗಳಿಗೆ ಅನ್ನ ಹಾಕುವವಳು
ಗುರುವಾರ, ಬೆಳಿಗ್ಗೆ 10.05

ದಾದಿಯವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಕಿವಿಯ ತುದಿಯ ಕತ್ತರಿ ಗುರುತು ಸಂತಾನಹರಣ ಚಿಕಿತ್ಸೆಯದು. ಆಗ ರೇಬೀಸ್ ಲಸಿಕೆಯನ್ನೂ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡುತ್ತಾರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಅದನ್ನೇ ಹೇಳುತ್ತವೆ. ಆದರೆ ಅದು ಯಾವ ವರ್ಷದ ಲಸಿಕೆ, ಆಮೇಲೆ ಮತ್ತೆ ಹಾಕಿದ್ದಾರೆಯೇ ಎನ್ನುವುದು ಕಿವಿಯಲ್ಲಿ ಬರೆದಿರುವುದಿಲ್ಲ. ನಾನು ಅನ್ನ ಹಾಕುವ ನಾಯಿಗಳಿಗೆ ವರ್ಷಕ್ಕೊಮ್ಮೆ ಹಾಕಿಸುತ್ತೇನೆ, ಆದರೂ ಹಲ್ಲು ತಾಗಿದರೆ ಆಸ್ಪತ್ರೆಗೆ ಹೋಗುತ್ತೇನೆ. ಮೊದಲೇ ಪೂರ್ತಿ ಲಸಿಕೆ ಪಡೆದವಳಾದ್ದರಿಂದ ನನಗೆ ಎರಡೇ ಡೋಸು, ಸೀರಮ್ ಬೇಡ.

ನಿಮ್ಮ ಗಲ್ಲಿಯ ನಾಯಿಯ ಫೋಟೋ ತೆಗೆದುಕೊಂಡು ರಾತ್ರಿ ಕಾವಲುಗಾರನಿಗೆ, ಪಾನ್ ಅಂಗಡಿಯವನಿಗೆ ತೋರಿಸಿಡಿ. ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ, ಹಿಂಗಾಲು ಎಳೆದರೆ, ಕಾಣೆಯಾದರೆ ನಿಮಗೆ ತಿಳಿಸಲಿ. ಪಾಲಿಕೆಯ ಸಹಾಯವಾಣಿ 1916ಕ್ಕೂ ಹೇಳಿ. ಹುಡುಗರು ಕೋಲು ಹಿಡಿದು ಅದನ್ನು ಹೊಡೆದು ಓಡಿಸದಂತೆ ನೋಡಿಕೊಳ್ಳಿ. ಓಡಿಸಿದರೆ ಗಮನಿಸಲು ನಾಯಿಯೇ ಇರುವುದಿಲ್ಲ, ಮತ್ತೆ ಅದು ಪಾಪ, ಮರಿ ಹಾಕಿದ ತಾಯಿಯೂ ಆಗಿರಬಹುದು.


ಮುಲುಂಡಿನ ಹೋಟೆಲಿನವ
ಗುರುವಾರ, ರಾತ್ರಿ 9.30

ಸೀರಮ್ ಆಯಿತು. ಅಕ್ಕಾ, ನೀವು ಹೇಳಿದಂತೆಯೇ ತೊಳೆದು, ತಿಂಡಿ ತಿನ್ನಿಸಿ, ನಾನೇ ಜೊತೆಯಲ್ಲಿ ಹೋದೆ. ಅಲ್ಲಿಯ ಡಾಕ್ಟರು ಗಾಯ ನೋಡಿದ ಕೂಡಲೇ ಮೂರನೆಯ ವರ್ಗ ಎಂದು ಬರೆದರು. ತೂಗಿದರು, 54 ಕಿಲೋ. ಎರಡು ಗಾಯಕ್ಕೂ ಗೀರಿಗೂ ಸುತ್ತ ಕೊಟ್ಟರು. ಹುಡುಗ ನನ್ನ ಬೆರಳುಗಳನ್ನು ಹಿಂಡಿ ಹಿಡಿದ, ಆದರೆ ಅಲುಗಾಡಲಿಲ್ಲ. ಈಗ ಊಟ ಮಾಡಿ ಮಲಗಿದ್ದಾನೆ.

ಸಂಶಯಗಳು ಇನ್ನೂ ಇವೆ. ಶನಿವಾರದ ಡೋಸನ್ನು ಅಲ್ಲಿ ಚರ್ಮದೊಳಗೆ, ಎರಡು ತೋಳಿಗೂ ಕೊಡುತ್ತಾರಂತೆ. ಕ್ಲಿನಿಕ್ಕಿನಲ್ಲಿ ಕೊಟ್ಟದ್ದು ಮಾಂಸಖಂಡಕ್ಕೆ. ಹೀಗೆ ಬದಲಾದರೆ ಮೊದಲಿನದು ವ್ಯರ್ಥವಾಗುವುದಿಲ್ಲವೇ? ಊರಿಗೆ ಹೋಗಬಹುದೇ? ಇಲ್ಲಿಂದಲೇ ಔಷಧಿ ಕೊಂಡು ಕಳುಹಿಸಲೇ? ತಾಯಿ ಮೀನು, ಮೊಟ್ಟೆ, ಬದನೆಕಾಯಿ ಕೊಡಬೇಡಿ ಎನ್ನುತ್ತಾರೆ. ಇನ್ನೊಂದು, ಗಾಯ ತೊಳೆದ ಹುಡುಗನ ಬೆರಳಿನಲ್ಲಿ ಈರುಳ್ಳಿ ಹೆಚ್ಚುವಾಗ ಆದ ಕೊಯ್ತವಿತ್ತು. ಅವನಿಗೇನಾದರೂ ಆಗುತ್ತದೆಯೇ?


ಡೊಂಬಿವಲಿಯ ನಿವೃತ್ತ ದಾದಿ
ಗುರುವಾರ, ರಾತ್ರಿ 10.15

ಓದಿ ಜೀವ ಬಂದಂತಾಯಿತು.

ಮೊದಲು ಆ ಇನ್ನೊಬ್ಬ ಹುಡುಗ. ಕಚ್ಚಿಸಿಕೊಂಡವನ ರಕ್ತದಿಂದ ರೇಬೀಸ್ ಹರಡುವುದಿಲ್ಲ. ಆದರೆ ಗಾಯದ ಮೇಲೆ ನಾಯಿಯ ಹಸಿ ಜೊಲ್ಲಿತ್ತು, ಅವನ ಬೆರಳಿನಲ್ಲಿ ತೆರೆದ ಕೊಯ್ತವಿತ್ತು. ಅಪಾಯ ಕಡಿಮೆ ಇರಬಹುದು, ಆದರೆ ಅದನ್ನು ತೂಗಿ ಹೇಳಬೇಕಾದವರು ಬೆರಳನ್ನು ಕಣ್ಣಾರೆ ನೋಡಿದ ಡಾಕ್ಟರು. ನಾನಲ್ಲ, ನೀವೂ ಅಲ್ಲ. ನಾಳೆ ಬೆಳಿಗ್ಗೆಯೇ ಅವನನ್ನು ಕಳುಹಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಲಿ. ಈಗ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಲಿ.

ಬದಲಾವಣೆಯ ಬಗ್ಗೆ: ಮಾಂಸಖಂಡಕ್ಕಾದರೆ ಐದು ಡೋಸು, 0, 3, 7, 14, 28ನೆಯ ದಿನ. ಚರ್ಮದೊಳಗಾದರೆ 0, 3, 7, 28ನೆಯ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿಲೀಟರಿನಂತೆ, ಚುಚ್ಚಿದ ಕಡೆ ಸಣ್ಣ ಗುಳ್ಳೆ ಏಳುತ್ತದೆ. ಒಂದು ಸೀಸೆ ಹಲವರಿಗೆ ಒದಗಲಿ ಎಂದು 2006ರಿಂದ ನಮ್ಮ ದೇಶದಲ್ಲಿ ಈ ಕ್ರಮಕ್ಕೆ ಅನುಮತಿ ಇದೆ. ಶಕ್ತಿ ಎರಡಕ್ಕೂ ಒಂದೇ. ಆದಷ್ಟು ಒಂದೇ ಕ್ರಮದಲ್ಲಿ ಮುಗಿಸುವುದು ಒಳ್ಳೆಯದು. ಅನಿವಾರ್ಯವಾದರೆ ನಡುವೆ ಬದಲಾಯಿಸಬಹುದು, ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಇನ್ನು ಎಷ್ಟು ಡೋಸು, ಯಾವ ತಾರೀಕು ಎಂದು ಆ ಡಾಕ್ಟರಿಂದ ಕಾರ್ಡಿನಲ್ಲಿ ಬರೆಸಿಕೊಳ್ಳಿ. 0 ಎಂದರೆ ಕಚ್ಚಿದ ಮಂಗಳವಾರವಲ್ಲ, ಮೊದಲ ಲಸಿಕೆಯಾದ ಬುಧವಾರ. ಹಾಗಾಗಿ 3 ಶನಿವಾರಕ್ಕೆ, 7 ಮುಂದಿನ ಬುಧವಾರಕ್ಕೆ ಬೀಳುತ್ತದೆ, 28 ಕೂಡ ಬುಧವಾರವೇ. ಆ ಕೊನೆಯದನ್ನು ಬಹಳ ಜನ ಬಿಡುತ್ತಾರೆ, ಆ ಹೊತ್ತಿಗೆ ಗಾಯ ಒಣಗಿರುತ್ತದೆ. ಹೋಟೆಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಶನಿವಾರದ್ದು ಮುಗಿಸಿಕೊಂಡು ಭಾನುವಾರ ಊರಿಗೆ ಹೋಗಲಿ, ಪೂಜೆಗೆ ತಾಯಿಯ ಬಳಿ ಇರಲಿ. ಔಷಧಿಯನ್ನು ಇಲ್ಲಿಂದ ಕಳುಹಿಸಬೇಡಿ. ಅದು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ರೈಲಿನ ಚೀಲದಲ್ಲಿ ಒಂದು ರಾತ್ರಿ ಬೆಂದರೆ ನಂಬುವಂತಿಲ್ಲ.

ಪಥ್ಯ ಯಾವುದೂ ಇಲ್ಲ. ಮೀನು ತಿನ್ನಲಿ, ಮೊಟ್ಟೆ ತಿನ್ನಲಿ, ಬದನೆಕಾಯಿಯೂ ಸರಿ. ಬೇರೆ ಕಾಯಿಲೆಗೆ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಡಾಕ್ಟರಿಗೆ ಹೇಳಬೇಕು. ಗಾಯ ಕೆಂಪಾಗಿ ಊದಿ ಕೀವು ಕಂಡರೆ ತಡಮಾಡದೆ ತೋರಿಸಿ. ಅದು ಬೇರೆ ಸೋಂಕು, ಅದಕ್ಕೆ ಮಾತ್ರೆ ಇದೆ.


ಕುಂದಾಪುರದಿಂದ ಅಂಧೇರಿಗೆ ಬಂದವ
ಶುಕ್ರವಾರ, ಬೆಳಿಗ್ಗೆ 6.50

ಬುಧವಾರದ ಡೋಸಿಗೆ ಕುಂದಾಪುರದ ತಾಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲಿ. ನನ್ನ ತಂಗಿಗೆ ಕಚ್ಚಿದಾಗ ಅಲ್ಲಿಯೇ ಆಗಿತ್ತು, ಚರ್ಮದೊಳಗೆ ಕೊಡುವ ಕ್ರಮವೇ. ಬೆಳಿಗ್ಗೆ ಬೇಗ ಹೋಗಲಿ, ಕಾರ್ಡು ಮತ್ತು ಆಧಾರ್ ಹಿಡಿದುಕೊಳ್ಳಲಿ. ಕಾರ್ಡಿನ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ. ಕರ್ನಾಟಕದಲ್ಲಿ 2022ರ ಕೊನೆಯಿಂದ ರೇಬೀಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ, ಆದ್ದರಿಂದ ಆಸ್ಪತ್ರೆಯವರು ಕಚ್ಚಿದ ವಿವರ ಕೇಳಿ ಬರೆದುಕೊಂಡರೆ ಗಾಬರಿಯಾಗಬೇಡಿ. ತಾಯಿಯವರಿಗೆ ಮಾತಾಡಲು ಯಾರಾದರೂ ಬೇಕಿದ್ದರೆ ತಂಗಿ ಊರಿನಲ್ಲೇ ಇದ್ದಾಳೆ, ಹೋಗಿ ಹೇಳುತ್ತಾಳೆ.


ಚಿಂಚವಾಡದ ಗದಗಿನವ
ಶುಕ್ರವಾರ, ಬೆಳಿಗ್ಗೆ 8.15

ದಾದಿಯವರ ಉತ್ತರವನ್ನು ಮರಾಠಿಗೆ ತಿರುಗಿಸಿ ನಮ್ಮ ಸೊಸೈಟಿಯ ಗುಂಪಿಗೆ ಹಾಕಿದ್ದೇನೆ. ಕಾವಲುಗಾರನನ್ನೂ ಕೇಳಿದೆ. ಅವನು ಎರಡು ಡೋಸಿಗೇ ನಿಲ್ಲಿಸಿದ್ದಾನೆ, ಕಚ್ಚಿ ಎರಡು ತಿಂಗಳಾಗಿದೆ. ಈಗ ಏನು ಮಾಡಬೇಕು?


ಡೊಂಬಿವಲಿಯ ನಿವೃತ್ತ ದಾದಿ
ಶುಕ್ರವಾರ, ಬೆಳಿಗ್ಗೆ 8.25

ಆ ನಾಯಿ ಹತ್ತು ದಿನದ ಮೇಲೂ ಆರೋಗ್ಯವಾಗಿತ್ತು ಎನ್ನುವುದು ಗಟ್ಟಿಯಾಗಿ ಗೊತ್ತಿದೆಯೇ ಎಂದು ಕೇಳಿ. ಅಂದಾಜಿನ ಮಾತು ಬೇಡ. ಗೊತ್ತಿದ್ದರೂ ಇಲ್ಲದಿದ್ದರೂ ಹಳೆಯ ಚೀಟಿಯೊಂದಿಗೆ ಇವತ್ತೇ ಸಸೂನ್ ಆಸ್ಪತ್ರೆಗೋ ಪಿಂಪ್ರಿಯ ವೈ.ಸಿ.ಎಂ. ಆಸ್ಪತ್ರೆಗೋ ಕಳುಹಿಸಿ. ಈ ರೋಗ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವರ್ಷವೂ ಹಿಡಿಯುತ್ತದೆ. ಎರಡು ತಿಂಗಳಾಯಿತು ಎಂದು ಕೈಬಿಡುವಂತಿಲ್ಲ. ಉಳಿದ ಡೋಸುಗಳನ್ನು ಅಲ್ಲಿಂದಲೇ ಮುಂದುವರಿಸಬಹುದು. ಅವನಿಗೆ ಅರ್ಧ ದಿನದ ರಜೆಯನ್ನು ಸೊಸೈಟಿಯವರಿಂದ ನೀವೇ ಕೊಡಿಸಿ.